ಕರಟದೊಳಗಿನ ಹಾಳೆ

ಕಳೆದ ದೀಪಾವಳಿಯಲ್ಲಿ, ನೀರು ತುಂಬುವ ಹಬ್ಬದ ಸಂಜೆ, ನಮ್ಮ ಮನೆಯ ಬಚ್ಚಲಿನ ಹಿಂದೆ ಒಂದು ಸಣ್ಣ ವ್ಯಾಜ್ಯ ನಡೆಯಿತು. ವ್ಯಾಜ್ಯದ ವಸ್ತು ಒಂದು ಚೀಲ ತೆಂಗಿನ ಕರಟ. ವಾದಿ ನನ್ನ ತಂಗಿ, ಪ್ರತಿವಾದಿ ಅವಳ ಮಗ. ಸ್ಥಳ ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿ. ಅಧ್ಯಾಪಕನಾಗಿ ಊರೂರು ತಿರುಗಿ ನಿವೃತ್ತನಾದ ಮೇಲೆ, ಹಬ್ಬಕ್ಕೆ ಅಲ್ಲಿಯ ಹಳೆಯ ಮನೆಗೆ ಹೋಗಿ ಹಂಡೆಯ ನೀರು ಮೀಯುವುದು ನಾನು ಬಿಡದೆ ಉಳಿಸಿಕೊಂಡಿರುವ ಕೆಲವೇ ಸುಖಗಳಲ್ಲಿ ಒಂದು. ಹಂಡೆಯ ಒಲೆಗೆ ಕರಟದಂಥ ಉರುವಲು ಮತ್ತೊಂದಿಲ್ಲವೆಂಬುದು ತಂಗಿಯ ಸಿದ್ಧಾಂತ. ವರ್ಷವೆಲ್ಲ ಕೂಡಿಹಾಕಿದ್ದನ್ನು ಅವಳು ಹಬ್ಬದ ಮೂರು ದಿನಗಳಿಗೆಂದೇ ಕಾಯ್ದಿರಿಸುತ್ತಾಳೆ. ಆ ಚೀಲದ ಮೇಲೆ ಮಗನ ಕಣ್ಣು ಬಿದ್ದಿತ್ತು.

ಅವನು ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವ ಹುಡುಗ. “ಅಮ್ಮ, ಇದು ಸಸ್ಯತ್ಯಾಜ್ಯ. ಇದರಿಂದ ಗ್ರಾಫೀನ್ ಮಾಡಬಹುದು” ಎಂದ. “ತ್ಯಾಜ್ಯ ಅಂದರೆ ಬಿಸಾಡಿದ್ದು ಅಲ್ಲವೇನೋ? ನಾನು ಇದನ್ನು ಬಿಸಾಡಿದ್ದು ಯಾವಾಗ? ನೀನು ಹೊತ್ತುಕೊಂಡು ಹೋದರೆ ನಾಳೆ ಬೆಳಗಿನ ಜಾವ ಒಲೆಗೆ ಏನು ಹಾಕಲಿ?” ಎಂದಳು ಅವಳು. ಬಳಿಕ ನನ್ನ ಕಡೆ ತಿರುಗಿ, “ನೀನಾದರೂ ಹೇಳಣ್ಣ” ಎಂದಳು. ನಾನು ಕನ್ನಡದ ಮೇಷ್ಟರು. ಕೊಡಲು ನನ್ನಲ್ಲಿ ತೀರ್ಪು ಇರಲಿಲ್ಲ. ಆದರೆ ತಾಯಿ ಮಗ ಇಬ್ಬರ ಮಾತಿನಲ್ಲಿಯೂ ತಿಳಿದುಕೊಳ್ಳಬೇಕಾದ ಸಂಗತಿ ಇದೆಯೆನ್ನಿಸಿತು. ಅಂದಿನಿಂದ ಅವನನ್ನು ಕೇಳಿ, ನಾನೂ ಓದಿ, ಮನಸ್ಸಿಗೆ ತಂದುಕೊಂಡದ್ದನ್ನು ವಿಜ್ಞಾನದ ವ್ಯಾಸಂಗವಿಲ್ಲದ ನನ್ನಂಥವರಿಗಾಗಿ ಇಂದು ಹೇಳಬೇಕೆಂದಿದ್ದೇನೆ.

ಮೊದಲು ಇಂಗಾಲದ ಮಾತು. ಒಲೆಯ ಇದ್ದಿಲು, ದೀಪದ ಕುಡಿಯ ಮೇಲೆ ಕಟ್ಟುವ ಮಸಿ, ಸೀಸದ ಕಡ್ಡಿಯ ಕಪ್ಪು, ಉಂಗುರದ ವಜ್ರ, ಇವೆಲ್ಲ ಮುಖ್ಯವಾಗಿ ಒಂದೇ ಮೂಲವಸ್ತುವಿನಿಂದ ಆದವು. ಹಾಗಾದರೆ ಇವುಗಳಲ್ಲಿ ಇಷ್ಟು ಅಂತರ ಹೇಗೆ ಬಂತು? ಭಾಷೆಯಿಂದಲೇ ಒಂದು ನಿದರ್ಶನ ಕೊಡುತ್ತೇನೆ. ‘ರ’ ಮತ್ತು ‘ಸ’ ಎಂಬ ಎರಡು ಅಕ್ಷರಗಳನ್ನು ಒಂದು ಕ್ರಮದಲ್ಲಿಟ್ಟರೆ ‘ರಸ’, ತಿರುಗಿಸಿಟ್ಟರೆ ‘ಸರ’. ಅಕ್ಷರ ಅವೇ, ಅರ್ಥ ಬೇರೆ. ಇಂಗಾಲದ ಪರಮಾಣುಗಳ ವಿಷಯವೂ ಹೀಗೆಯೇ. ಅವು ನಾಲ್ಕು ದಿಕ್ಕಿಗೂ ಕೈಚಾಚಿ ಒಂದನ್ನೊಂದು ಹಿಡಿದರೆ ವಜ್ರ. ಆರಾರು ಸೇರಿ ಷಟ್ಕೋನಗಳಾಗಿ, ಜೇನುಗೂಡಿನ ಎರಿಯಂತೆ ಸಮತಟ್ಟಾಗಿ ಹರಡಿ, ಅಂಥ ಹಾಳೆಗಳು ಒಂದರ ಮೇಲೊಂದು ಕೂತರೆ ಗ್ರಾಫೈಟ್. ಸೀಸದ ಕಡ್ಡಿ ಎಂದು ನಾವು ಕರೆಯುವುದರಲ್ಲಿ ಸೀಸವಿಲ್ಲ. ಅದು ಜೇಡಿಮಣ್ಣು ಬೆರೆಸಿದ ಗ್ರಾಫೈಟ್.

ಗ್ರಾಫೈಟಿನ ಒಂದೊಂದು ಹಾಳೆಯೊಳಗೂ ಪರಮಾಣುಗಳ ಹಿಡಿತ ಬಲು ಬಿಗಿ. ಹಾಳೆ ಹಾಳೆಗಳ ನಡುವಣ ಹಿಡಿತ ಮಾತ್ರ ಸಡಿಲ. ಆದುದರಿಂದಲೇ ಕಡ್ಡಿಯನ್ನು ಕಾಗದದ ಮೇಲೆ ಎಳೆದಾಗ ಪದರಗಳು ಜಾರಿ ಅಲ್ಲಿ ಉಳಿಯುತ್ತವೆ. ನಾವು ಅದನ್ನು ಬರವಣಿಗೆ ಎನ್ನುತ್ತೇವೆ. ನಮ್ಮ ಸೀಮೆಯವರಿಗೆ ಈ ಗುಣ ಹೊಸದಲ್ಲ. ೧೧೧೭ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯವನ್ನೂ ಹಳೇಬೀಡಿನ ದೇವಾಲಯವನ್ನೂ ಕಡೆದದ್ದು ಬಳಪದ ಕಲ್ಲಿನಲ್ಲಿ. ಆ ಕಲ್ಲಿನ ಖನಿಜಗಳೂ ಪದರ ಪದರವಾದವು, ಅವುಗಳ ನಡುವೆಯೂ ಹಿಡಿತ ಸಡಿಲ. ಅಷ್ಟು ಮೃದುವಾದುದರಿಂದಲೇ ಅದು ಉಳಿಗೆ ಒಲಿಯಿತು. ಅದೇ ಜಾತಿಯ ಕಲ್ಲಿನ ತುಂಡು ನಮ್ಮ ಬಾಲ್ಯದಲ್ಲಿ ಸ್ಲೇಟಿನ ಮೇಲೆ ಅಕ್ಷರ ತಿದ್ದಿಸಿತು.

ಗ್ರಾಫೈಟಿನ ಆ ರಾಶಿಯಿಂದ ಒಂದೇ ಒಂದು ಹಾಳೆಯನ್ನು ಬಿಡಿಸಿ ತೆಗೆದರೆ ಅದೇ ಗ್ರಾಫೀನ್. ೨೦೦೪ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಎಂಬ ಇಬ್ಬರು ಭೌತವಿಜ್ಞಾನಿಗಳು ಇದನ್ನು ಸಾಧಿಸಿ ತೋರಿಸಿದರು. ಅವರ ಉಪಕರಣ ನಾವು ಲಕೋಟೆಗೆ ಹಚ್ಚುವಂಥ ಅಂಟುಪಟ್ಟಿ! ಗ್ರಾಫೈಟಿಗೆ ಪಟ್ಟಿ ಅಂಟಿಸಿ ಕೀಳುವುದು, ಪಟ್ಟಿಗೆ ಹತ್ತಿದ ಚೂರಿಗೆ ಮತ್ತೊಂದು ಪಟ್ಟಿ ಅಂಟಿಸಿ ಮತ್ತೆ ಕೀಳುವುದು, ಹೀಗೆ ತೆಳುವಾಗಿಸುತ್ತ ಹೋಗಿ ಕಡೆಗೆ ಒಂದು ಪರಮಾಣುವಿನಷ್ಟೇ ದಪ್ಪದ ಪೊರೆಯನ್ನು ಅವರು ಹಿಡಿದರು. ೨೦೧೦ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು.

ಅದರ ತೆಳುವನ್ನು ಊಹಿಸುವುದು ಹೇಗೆ? ಒಂದು ಮಿಲಿಮೀಟರ್ ದಪ್ಪದ ಗ್ರಾಫೈಟಿನಲ್ಲಿ ಇಂಥ ಹಾಳೆಗಳು ಸುಮಾರು ೩೦ ಲಕ್ಷ. ಒಂದು ಎಕರೆ ಜಮೀನನ್ನು ಒಂದೇ ಹಾಳೆಯಿಂದ ಮುಚ್ಚುವುದಾದರೆ ಬೇಕಾಗುವ ಗ್ರಾಫೀನ್ ಸುಮಾರು ೩ ಗ್ರಾಂ. ಇಷ್ಟು ತೆಳುವಾದರೂ ಅದೇ ದಪ್ಪದ ಉಕ್ಕಿಗಿಂತ ಅದು ಎಷ್ಟೋ ಪಾಲು ಗಟ್ಟಿ. ವಿದ್ಯುತ್ತನ್ನೂ ಶಾಖವನ್ನೂ ಬಹಳ ಚೆನ್ನಾಗಿ ಹರಿಯಗೊಡುತ್ತದೆ. ಬ್ಯಾಟರಿಗಳಲ್ಲಿ, ವಿದ್ಯುತ್ತನ್ನು ಕ್ಷಣದಲ್ಲಿ ತುಂಬಿ ಕ್ಷಣದಲ್ಲಿ ಕೊಡುವ ಸಂಗ್ರಾಹಕಗಳಲ್ಲಿ, ನೀರು ಸೋಸುವ ಪೊರೆಗಳಲ್ಲಿ, ಕಾಂಕ್ರೀಟನ್ನು ಗಟ್ಟಿಗೊಳಿಸುವುದರಲ್ಲಿ ಅದನ್ನು ಬಳಸುವ ಪ್ರಯತ್ನಗಳು ನಡೆದಿವೆ. ಆದರೆ ಅಂಟುಪಟ್ಟಿಯಿಂದ ಮಣಗಟ್ಟಲೆ ತೆಗೆಯಲಾಗದು. ಗಣಿಯ ಗ್ರಾಫೈಟನ್ನು ತೀಕ್ಷ್ಣವಾದ ಗಂಧಕಾಮ್ಲದಲ್ಲಿ ಪರ್ಮಾಂಗನೇಟಿನೊಡನೆ ನೆನೆಹಾಕಿ ಪದರ ಬಿಡಿಸುವ ವಿಧಾನವೊಂದು ೧೯೫೮ರಿಂದಲೂ ಇದೆ. ಅದು ಕೊಡುವ ಪದಾರ್ಥಕ್ಕಿಂತ ಅದು ಬಿಡುವ ಆಮ್ಲದ ನೀರೇ ದೊಡ್ಡ ಸಮಸ್ಯೆ. ಇಂಗಾಲ ಬೇಕಾದರೆ ಗಣಿಗೇ ಏಕೆ ಹೋಗಬೇಕು, ಗಿಡಮರಗಳು ಗಾಳಿಯಿಂದ ಹೀರಿ ಕಟ್ಟಿಕೊಂಡ ಇಂಗಾಲ ನಮ್ಮ ಹಿತ್ತಲಿನಲ್ಲೇ ಬಿದ್ದಿದೆಯಲ್ಲ ಎಂಬ ವಿಚಾರ ಹುಟ್ಟಿದ್ದು ಇಲ್ಲಿ.

ಗಿಡದ ಇಂಗಾಲವನ್ನು ಹಾಳೆಯಾಗಿಸುವ ಕಲ್ಪನೆ ಕನ್ನಡಿಗರಿಗೆ ತೀರ ಹೊಸದೇನೂ ಅಲ್ಲ. ಹಳೆಯ ದಾಖಲೆಗಳೊಡನೆ ಒಡನಾಡಿದವರು ‘ಕಡತ’ವನ್ನು ಬಲ್ಲರು. ಇಂದು ಆ ಮಾತಿಗೆ ಕಚೇರಿಯ ಫೈಲು ಎಂಬ ಅರ್ಥ ನಿಂತಿದೆ. ಮೂಲದಲ್ಲಿ ಅದು ಬಟ್ಟೆಯ ಪುಸ್ತಕ. ಉದ್ದನೆಯ ಹತ್ತಿಬಟ್ಟೆಗೆ ಹುಣಿಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿಯನ್ನು ಕಲಸಿ ಎರಡು ಕಡೆಯೂ ಬಳಿದು, ಒಣಗಿಸಿ, ನುಣುಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಿಸುತ್ತಿದ್ದರು. ಆ ಕಪ್ಪಿನ ಮೇಲೆ ಬಳಪದಿಂದ ಬೆಳ್ಳಗೆ ಬರೆಯುತ್ತಿದ್ದರು. ಬೇಡವಾದರೆ ಅಳಿಸಿ ಮತ್ತೆ ಬರೆಯಬಹುದು. ಬೇಕಾದರೆ ನೂರಾರು ವರ್ಷ ಇಡಬಹುದು. ಶೃಂಗೇರಿಯ ಮಠದಲ್ಲಿ ಇಂಥ ಕಡತಗಳು ಉಳಿದು ಬಂದು ಚರಿತ್ರಕಾರರಿಗೆ ಆಕರವಾಗಿವೆ. ಹುಣಿಸೆಬೀಜ, ಇದ್ದಿಲು: ಊಟವೂ ಅಡುಗೆಯೂ ಮುಗಿದ ಮೇಲೆ ಉಳಿಯುವ ಎರಡು ವಸ್ತುಗಳು. ಅವುಗಳಿಂದ ನಮ್ಮ ಹಿಂದಿನವರು ಲೆಕ್ಕವನ್ನೂ ಚರಿತ್ರೆಯನ್ನೂ ಹೊರುವ ಹಾಳೆಯನ್ನು ಮಾಡಿಕೊಂಡಿದ್ದರು.

ಹಾಗೆಂದು ಕಡತದ ಇದ್ದಿಲು ಗ್ರಾಫೀನ್ ಆಗಿತ್ತೆಂದು ಯಾರೂ ಹೆಮ್ಮೆಪಡಬೇಕಾಗಿಲ್ಲ. ಇದ್ದಿಲಿನಲ್ಲಿ ಷಟ್ಕೋನಗಳ ಚಿಕ್ಕ ಚಿಕ್ಕ ತುಣುಕುಗಳಿವೆ, ಆದರೆ ಅವು ಹರಿದ ಕಾಗದವನ್ನು ಉಂಡೆಕಟ್ಟಿ ಬುಟ್ಟಿಗೆ ತುಂಬಿದಂತೆ ಅಡ್ಡಾದಿಡ್ಡಿಯಾಗಿವೆ. ಇನ್ನಷ್ಟು ಕಾಯಿಸಿದರೆ ಸರಿಹೋಗದೆ? ಈ ಪ್ರಶ್ನೆಗೆ ಉತ್ತರ ಕೊಟ್ಟವರು ರೋಸಲಿಂಡ್ ಫ್ರಾಂಕ್ಲಿನ್. ಜೀವಕೋಶದ ಡಿಎನ್‌ಎ ರಚನೆಯ ಶೋಧದಲ್ಲಿ ಅವರ ಹೆಸರನ್ನು ಅನೇಕರು ಕೇಳಿರಬಹುದು. ಅದಕ್ಕೆ ಮೊದಲು ಅವರು ಇದ್ದಿಲನ್ನು ಅಭ್ಯಸಿಸಿದ್ದರು. ಇಂಗಾಲದಲ್ಲಿ ಎರಡು ಪಂಗಡಗಳಿವೆ, ಒಂದು ಹೆಚ್ಚು ಕಾಯಿಸಿದರೆ ಗ್ರಾಫೈಟ್ ಆಗುತ್ತದೆ, ಇನ್ನೊಂದು ಎಷ್ಟು ಕಾಯಿಸಿದರೂ ಆಗುವುದಿಲ್ಲ ಎಂದು ಅವರು ೧೯೫೧ರಲ್ಲಿ ತೋರಿಸಿದರು. ತೆಂಗಿನ ಕರಟದ ಇದ್ದಿಲು ಈ ಎರಡನೆಯ, ಹಟಮಾರಿ ಪಂಗಡಕ್ಕೆ ಸೇರಿದ್ದು. ಅದರ ತುಣುಕುಗಳು ಒಂದಕ್ಕೊಂದು ಅಡ್ಡ ಹೆಣೆದುಕೊಂಡಿರುವುದರಿಂದ ಸಾಲಾಗಿ ಮಲಗಲಾರವು.

ಹಟವನ್ನು ಮುರಿಯಲು ವಿಜ್ಞಾನಿಗಳು ಹಲವು ದಾರಿ ಹಿಡಿದಿದ್ದಾರೆ. ಚೀನದ ಸಂಶೋಧಕರು ೨೦೧೩ರಲ್ಲಿ ಕರಟಕ್ಕೆ ಕಬ್ಬಿಣದ ಮತ್ತು ಸತುವಿನ ಲವಣಗಳನ್ನು ಉಣಿಸಿ ೯೦೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರು. ಕಬ್ಬಿಣ ಪರಮಾಣುಗಳನ್ನು ಸಾಲಿಗೆ ತಂದಿತು, ಸತುವಿನ ಲವಣ ರಂಧ್ರಗಳನ್ನು ಕೊರೆಯಿತು; ಗ್ರಾಫೀನನ್ನು ಹೋಲುವ ತೆಳುಹಾಳೆಗಳು ದೊರೆತವು. ೨೦೧೪ರಲ್ಲಿ ಜಪಾನಿನವರು ಭತ್ತದ ಹೊಟ್ಟಿನ ಕರಿಯನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ತೀಕ್ಷ್ಣ ಕ್ಷಾರದೊಡನೆ ೮೫೦ ಡಿಗ್ರಿಯಲ್ಲಿ ಕಾಯಿಸಿ ಗ್ರಾಫೀನಿನ ಪುಟ್ಟ ತುಣುಕುಗಳನ್ನು ಪಡೆದರು. ಅಮೆರಿಕದ ರೈಸ್ ವಿಶ್ವವಿದ್ಯಾನಿಲಯದ ಜೇಮ್ಸ್ ಟೂರ್ ಮತ್ತು ಅವರ ಸಂಗಡಿಗರು ೨೦೧೧ರಲ್ಲಿಯೇ ಬಿಸ್ಕತ್ತು, ಹುಲ್ಲು, ಕಡೆಗೆ ಜಿರಲೆಯ ಕಾಲಿನಿಂದಲೂ ತಾಮ್ರದ ತಗಡಿನ ಮೇಲೆ ಗ್ರಾಫೀನ್ ಬೆಳೆಸಿದ್ದರು. ಇಂಗಾಲಕ್ಕೆ ಕುಲಗೋತ್ರವಿಲ್ಲವೆಂದು ತೋರಿಸುವುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ?

ಅದೇ ತಂಡ ೨೦೨೦ರಲ್ಲಿ ಪ್ರಕಟಿಸಿದ ವಿಧಾನವಂತೂ ಸಿಡಿಲನ್ನು ನೆನಪಿಗೆ ತರುತ್ತದೆ. ಇಂಗಾಲವುಳ್ಳ ಪುಡಿಯನ್ನು ಒಂದು ನಳಿಕೆಯಲ್ಲಿ ಒತ್ತಿ, ಕ್ಷಣಮಾತ್ರ ಭಾರಿ ವಿದ್ಯುತ್ತನ್ನು ಹಾಯಿಸುತ್ತಾರೆ. ಸೆಕೆಂಡಿನ ಹತ್ತರಲ್ಲೊಂದು ಭಾಗದಷ್ಟು ಹೊತ್ತಿನಲ್ಲಿ ಶಾಖ ೨,೭೦೦ ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಹಳೆಯ ಕಟ್ಟೆಲ್ಲ ಹರಿದು, ಇಂಗಾಲ ಷಟ್ಕೋನಗಳಾಗಿ ಕೂಡಿಕೊಳ್ಳುತ್ತದೆ. ಉಳಿದದ್ದು ಆವಿಯಾಗಿ ಹೋಗುತ್ತದೆ. ಹಾಳೆಗಳು ಒಂದರ ಮೇಲೊಂದು ಸಾಲುಗೂಡದೆ ಓರೆಯಾಗಿ ಕೂರುವುದರಿಂದ ಬಿಡಿಸುವುದೂ ಸುಲಭ. ಆಮ್ಲ ಬೇಡ, ಕ್ಷಾರ ಬೇಡ. ಒಂದು ಕಿಲೋಗ್ರಾಮಿಗೆ ತಗಲುವ ವಿದ್ಯುತ್ತು ಕಡಮೆಯೆಂದರೆ ಸುಮಾರು ೨ ಯೂನಿಟ್ ಎಂದು ಅವರ ಲೆಕ್ಕ. ಅವರು ಪ್ರಯೋಗಿಸಿದ ವಸ್ತುಗಳ ಪಟ್ಟಿಯಲ್ಲಿ ತೆಂಗೂ ಇದೆ, ಕಾಫಿ ಸೋಸಿದ ಮೇಲೆ ಉಳಿಯುವ ಚರಟವೂ ಇದೆ. ಒಂದು ಅರಸೀಕೆರೆ, ಇನ್ನೊಂದು ನಮ್ಮ ಬೇಲೂರು! ಒಂದೇ ಹಾಸನ ಜಿಲ್ಲೆಯ ಬಯಲುಸೀಮೆಯ ಬೆಳೆಯೂ ಮಲೆನಾಡಿನ ಬೆಳೆಯೂ ಆ ನಳಿಕೆಯೊಳಗೆ ಒಂದೇ ಹಾಳೆಯಾದವೆಂದು ಓದಿದಾಗ ನನಗಾದ ಸಂತೋಷವನ್ನು ಮುಚ್ಚಿಡಲಾರೆ.

ಕರ್ನಾಟಕದಲ್ಲಿ ಈ ವಿಜ್ಞಾನಕ್ಕೆ ಗಟ್ಟಿಯಾದ ನೆಲೆಯಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸಿ. ಎನ್. ಆರ್. ರಾವ್ ಅವರೂ ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಸೂದ್ ಅವರೂ ಕೂಡಿ ಸಂಪಾದಿಸಿದ ಗ್ರಾಫೀನ್ ಕುರಿತ ಗ್ರಂಥ ೨೦೧೩ರಲ್ಲಿ ಹೊರಬಂದಿತು. ಇನ್ನೂ ಒಂದು ನಂಟಿದೆ. ಒಂದು ಕಪ್ಪು ಪುಡಿ ಗ್ರಾಫೀನೋ ಬರಿಯ ಮಸಿಯೋ ಎಂದು ಪರೀಕ್ಷಿಸಲು ಪ್ರಪಂಚದಾದ್ಯಂತ ಬಳಸುವುದು ೧೯೨೮ರಲ್ಲಿ ಸಿ. ವಿ. ರಾಮನ್ ಅವರು ಕಂಡುಹಿಡಿದ ಪರಿಣಾಮವನ್ನು. ವಸ್ತುವಿನ ಮೇಲೆ ಒಂದೇ ಬಣ್ಣದ ಬೆಳಕು ಬಿಟ್ಟರೆ, ಚದರಿ ಬರುವ ಬೆಳಕಿನ ಒಂದಂಶ ಬಣ್ಣ ಬದಲಿಸಿರುತ್ತದೆ. ಆ ಬದಲಾವಣೆಯಲ್ಲಿ ಒಳಗಿನ ಪರಮಾಣುಗಳ ಮಿಡಿತ ಬರೆದಿರುತ್ತದೆ. ಅಚ್ಚುಕಟ್ಟಾದ ಹಾಳೆಗೆ ಒಂದು ರೇಖೆ, ಅಸ್ತವ್ಯಸ್ತವಾದುದಕ್ಕೆ ಮತ್ತೊಂದು. ಶೋಧ ನಡೆದದ್ದು ಕಲ್ಕತ್ತೆಯಲ್ಲಾದರೂ, ರಾಮನ್ ಅವರು ೧೯೩೩ರಿಂದ ಕಡೆಯವರೆಗೆ ಬಾಳಿದ್ದು ಬೆಂಗಳೂರಿನಲ್ಲಿ.

ನನ್ನ ಸೋದರಳಿಯನಿಗೆ ಈ ರೇಖೆಗಳು ಕನಿಕರ ತೋರಿಸಲಿಲ್ಲ. ಅಂದು ತಾಯಿಯೊಡನೆ ರಾಜಿಯಾಗಿ ಅವನು ಒಯ್ದದ್ದು ನಾಲ್ಕು ಬೊಗಸೆ ಕರಟ. ಕೆಲವು ತಿಂಗಳು ಸುಟ್ಟು, ತೊಳೆದು, ಪರೀಕ್ಷೆಗೆ ಕೊಟ್ಟ. ಬಂದ ರೇಖೆ ಅಸ್ತವ್ಯಸ್ತತೆಯದು. “ಮಾವ, ಇಷ್ಟು ದಿನ ಮಾಡಿದ್ದು ಇದ್ದಿಲು ಅಷ್ಟೇ” ಎಂದು ದೂರವಾಣಿಯಲ್ಲಿ ಹೇಳಿದಾಗ ಅವನ ಧ್ವನಿ ಕುಗ್ಗಿತ್ತು. ಅದನ್ನು ಗ್ರಾಫೀನೆಂದು ಬರೆದುಬಿಡಬಹುದಾಗಿತ್ತಲ್ಲ ಎಂದು ನಾನು ತಮಾಷೆ ಮಾಡಿದೆ. ಅವನು ನಗಲಿಲ್ಲ. ಆ ತಮಾಷೆ ಎಷ್ಟು ನಿಜವೆಂದು ನನಗೆ ತಿಳಿದದ್ದು ಆಮೇಲೆ. ೨೦೧೮ರಲ್ಲಿ ಸಿಂಗಪುರದ ವಿಜ್ಞಾನಿಗಳು ಪ್ರಪಂಚದ ೬೦ ಕಂಪನಿಗಳು ಗ್ರಾಫೀನೆಂದು ಮಾರುತ್ತಿದ್ದ ಪುಡಿಗಳನ್ನು ಪರೀಕ್ಷಿಸಿದರು. ಹೆಚ್ಚಿನವುಗಳಲ್ಲಿ ಗ್ರಾಫೀನಿನ ಅಂಶ ನೂರಕ್ಕೆ ಹತ್ತಕ್ಕಿಂತ ಕಡಮೆ. ಉಳಿದದ್ದು ಗ್ರಾಫೈಟಿನ ಪುಡಿ! ನಾಳೆ ಯಾರಾದರೂ ಬಂದು, “ನಿಮ್ಮ ಕರಟದಿಂದ ಗ್ರಾಫೀನ್ ಮಾಡೋಣ, ಬಂಡವಾಳ ಹಾಕಿ” ಎಂದು ತೆಂಗಿನ ಬೆಳೆಗಾರನಿಗೆ ಆಸೆ ತೋರಿಸಿದರೆ, ಹಣ ಎಣಿಸುವ ಮೊದಲು ಆತ ರಾಮನ್ ರೇಖೆಯನ್ನು ಕೇಳುವುದು ಲೇಸು.

ಇನ್ನು ತಂಗಿಯ ಪ್ರಶ್ನೆಗೆ ಬರೋಣ. ಸಸ್ಯದಿಂದ ಮಾಡಿದ್ದೆಲ್ಲ ಸುಸ್ಥಿರ ಎಂಬ ನಂಬಿಕೆ ಈಗ ಹಬ್ಬುತ್ತಿದೆ. ಲೆಕ್ಕ ಅಷ್ಟು ಸರಳವಲ್ಲ. ಕರಟದಲ್ಲಿರುವ ಇಂಗಾಲ ಮರವು ಗಾಳಿಯಿಂದ ಪಡೆದದ್ದು. ಅದು ಹಾಳೆಯಾಗಿ ಉಳಿದರೆ ಅಷ್ಟು ಇಂಗಾಲ ಮತ್ತೆ ಗಾಳಿಗೆ ಸೇರುವುದಿಲ್ಲ, ಗಣಿ ಅಗೆಯುವುದೂ ತಪ್ಪುತ್ತದೆ. ಇದು ಜಮೆಯ ಕಡೆ. ಖರ್ಚಿನ ಕಡೆ ನೋಡಿ. ಕುಲುಮೆಯ ಶಾಖ ಎಲ್ಲಿಂದ ಬಂತು? ಕಲ್ಲಿದ್ದಲ ವಿದ್ಯುತ್ತಿನಿಂದಲೇ? ಕ್ಷಾರವನ್ನೂ ಲವಣಗಳನ್ನೂ ತೊಳೆದ ನೀರು ಎಲ್ಲಿಗೆ ಹೋಯಿತು? ಗುಂಡಿಯಲ್ಲಿ ಕರಟ ಸುಟ್ಟರೆ ಏಳುವ ಹೊಗೆಯನ್ನು ಉಸಿರಾಡಿದವರು ಯಾರು? ಮಿಂಚಿನ ವಿಧಾನದ ಎರಡು ಯೂನಿಟ್ಟಿನಲ್ಲಿಯೂ ಒಣಗಿಸಿ, ಕರಿಮಾಡಿ, ಪುಡಿಮಾಡಿದ ವೆಚ್ಚ ಸೇರಿಲ್ಲ. ಭತ್ತದ ಹೊಟ್ಟಿನಲ್ಲಂತೂ ಐದರಲ್ಲೊಂದು ಪಾಲು ಬೂದಿ, ಅದರ ಬಹುಭಾಗ ಮರಳಿನ ಜಾತಿಯ ಸಿಲಿಕ. ಅದನ್ನು ತೆಗೆಯಲು ಮತ್ತೆ ರಾಸಾಯನಿಕ ಬೇಕು.

ಈ ಬಗೆಯ ಲೆಕ್ಕವನ್ನು ಕರ್ನಾಟಕದ ವಿಜ್ಞಾನಿಗಳು ಹಿಂದೆಯೇ ಕಲಿಸಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಎ. ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಹುಟ್ಟಿತು. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಅದರ ಶಾಖೆಯಿತ್ತು. ಹಳ್ಳಿಯ ಹೆಂಗಸು ಸೌದೆಗೆ ಎಷ್ಟು ದೂರ ನಡೆಯುತ್ತಾಳೆ, ಒಲೆಯಲ್ಲಿ ಎಷ್ಟು ಶಾಖ ವ್ಯರ್ಥವಾಗುತ್ತದೆ ಎಂದು ಅವರು ಮೊದಲು ಅಳೆದರು, ಯಂತ್ರ ಆಮೇಲೆ. ಆ ಅಳತೆಯಿಂದಲೇ ಅಸ್ತ್ರ ಒಲೆ ಹುಟ್ಟಿ ಮನೆಮನೆಗೆ ಬಂದಿತು. ೧೯೮೮ರಲ್ಲಿ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಸೌದೆಯನ್ನು ಅನಿಲವಾಗಿಸಿ ಎಂಜಿನ್ ಓಡಿಸಿ ಊರಿಗೆ ದೀಪ ಕೊಟ್ಟರು.

ಆ ದಾರಿಯಲ್ಲಿ ಸೋದರಳಿಯ ಸಂಕ್ರಾಂತಿಗೆ ಬಂದಾಗ ಒಂದು ಪ್ರಯೋಗ ಮಾಡಿದ. ಹಳೆಯ ಡಬ್ಬಗಳಿಂದ ಒಂದು ಒಲೆ ಕಟ್ಟಿ, ಕರಟ ತುಂಬಿ, ಗಾಳಿ ಮಿತಿಯಾಗಿ ಹೋಗುವಂತೆ ಮಾಡಿ ಮೇಲಿನಿಂದ ಹೊತ್ತಿಸಿದ. ಕರಟದಿಂದ ಹೊರಡುವ ಅನಿಲಗಳು ಉರಿದು ಹಂಡೆಗೆ ಶಾಖ ಕೊಡಬೇಕು, ಮೂರರಲ್ಲೊಂದು ಪಾಲಿನಷ್ಟು ಇದ್ದಿಲು ಅವನ ಪ್ರಯೋಗಕ್ಕೆ ಉಳಿಯಬೇಕು. ಹೊಗೆ ಕಡಮೆಯಾಯಿತು, ನೀರೂ ಕಾಯಿತು. ಆದರೆ ಕರಟದ ಶಾಖದಲ್ಲಿ ಸುಮಾರು ಅರ್ಧ ಇದ್ದಿಲಿನಲ್ಲೇ ಅಡಗಿರುತ್ತದೆ. ಇದ್ದಿಲನ್ನು ಎತ್ತಿಟ್ಟರೆ ಆ ಅರ್ಧವನ್ನು ಎತ್ತಿಟ್ಟಂತೆ. ತಂಗಿ ಯಾವ ವಿಜ್ಞಾನವನ್ನೂ ಓದದೆ ಅದನ್ನು ಕಂಡುಕೊಂಡಳು. “ಬಿಸಿ ನನಗೆ, ಇದ್ದಿಲು ನಿನಗೆ, ಒಪ್ಪಿದೆ. ಆದರೆ ಕರಟ ಎರಡರಷ್ಟು ಬೇಕಾಯಿತಲ್ಲ” ಎಂದಳು. ಸುಸ್ಥಿರತೆಯ ಲೆಕ್ಕವನ್ನು ಇದಕ್ಕಿಂತ ಚೊಕ್ಕವಾಗಿ ಯಾರೂ ನನಗೆ ಹೇಳಿಕೊಟ್ಟಿಲ್ಲ.

ನನಗೆ ಭಾಷೆಯ ಕಡೆಯಿಂದಲೂ ಒಂದು ಮಾತು ಹೇಳುವುದಿದೆ. ‘ಸಸ್ಯತ್ಯಾಜ್ಯ’ ಈಚೆಗೆ ಕಟ್ಟಿದ ಪದ. ನಮ್ಮ ರೈತನ ಬಾಯಲ್ಲಿ ಇರುವುದು ಕರಟ, ಮಟ್ಟೆ, ಸೋಗೆ, ಹೊಟ್ಟು, ತೌಡು, ಕೂಳೆ, ತರಗು. ಒಂದೊಂದಕ್ಕೂ ಒಂದೊಂದು ಹೆಸರು. ಹೆಸರಿನ ಹಿಂದೆ ಒಂದೊಂದು ಉಪಯೋಗ. ಮಟ್ಟೆ ನಾರಾಗುತ್ತದೆ, ಸೋಗೆ ಚಪ್ಪರವಾಗುತ್ತದೆ, ತೌಡು ಹಸುವಿಗೆ, ತರಗು ಗೊಬ್ಬರಕ್ಕೆ. ಹೆಸರಿರುವ ವಸ್ತುವಿಗೆ ಒಡೆಯರೂ ಇರುತ್ತಾರೆ. ಎಲ್ಲವನ್ನೂ ಒಂದೇ ಪದದ ಚೀಲಕ್ಕೆ ತುಂಬಿದಾಗ ಅದು ಯಾರಿಗೂ ಸೇರದ್ದೆಂಬ ಭಾವನೆ ಬಂದುಬಿಡುತ್ತದೆ. ಅರಸೀಕೆರೆ, ತಿಪಟೂರುಗಳ ಕಡೆ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ಕೊಬ್ಬರಿ ಬಿಡಿಸಿದಾಗ ಬೀಳುವ ಕರಟಕ್ಕೆ ಈಗಲೇ ಬೆಲೆಯಿದೆ. ಇದ್ದಿಲು ಮಾಡುವವರು ಕೊಳ್ಳುತ್ತಾರೆ. ನಾಳೆ ಗ್ರಾಫೀನಿನಿಂದ ಆ ಬೆಲೆ ಏರಿದರೆ ಹೆಚ್ಚಿನ ಕಾಸು ಬೆಳೆಗಾರನ ಮತ್ತು ಕರಟ ಒಡೆಯುವವರ ಕೈಗೆ ಬರಬೇಕಷ್ಟೆ. ಜೊತೆಗೆ, ಕರಟವನ್ನೇ ಉರುವಲಾಗಿ ನಂಬಿದ ಬಡವರ ಒಲೆ ಆರಬಾರದು.

ನಿಜವಾಗಿ ಬೇಡವಾದದ್ದೂ ನಮ್ಮಲ್ಲಿದೆ. ಕಾಫಿ ಹಣ್ಣನ್ನು ಪಲ್ಪಿಂಗ್ ಮಾಡಿದಾಗ ಉಳಿಯುವ ಸಿಪ್ಪೆ ಕೊಳೆತು ನಾರುತ್ತದೆ. ಅದರ ನೀರು ಹಳ್ಳಕ್ಕೆ ಸೇರಿದರೆ ಮೀನಿಗೆ ಉಸಿರಿಲ್ಲ. ಹುಡುಕುವುದಾದರೆ ಹುಡುಕಾಟ ಅಲ್ಲಿಂದ ಆರಂಭವಾಗಲಿ ಎಂದು ಸೋದರಳಿಯನಿಗೆ ಹೇಳಿದೆ. ಒದ್ದೆ ಸಿಪ್ಪೆಯನ್ನು ಒಣಗಿಸುವುದೇ ದೊಡ್ಡ ಖರ್ಚು ಎಂದ, ಆದರೂ ಯೋಚಿಸುತ್ತೇನೆಂದ.

ಸದ್ಯಕ್ಕೆ ತಾಯಿ ಮಗನಿಗೆ ಹೊಸದೊಂದು ಒಪ್ಪಂದವಾಗಿದೆ. ದಿನವೂ ಕಾಫಿ ಸೋಸಿದ ಚರಟವನ್ನು ಅವಳು ಬಿಸಿಲಿಗೆ ಹರವಿ ಡಬ್ಬಿಯಲ್ಲಿ ತುಂಬಿಡುತ್ತಾಳೆ. ಅರ್ಧ ಮಗನ ಪ್ರಯೋಗಶಾಲೆಗೆ, ಅರ್ಧ ಅವಳ ದಾಸವಾಳದ ಬುಡಕ್ಕೆ. ಅವನು ಈಚೆಗೆ ಬರೆದ ವರದಿಯ ಕನ್ನಡ ಸಾರಾಂಶವನ್ನು ತಿದ್ದಲು ನನಗೆ ಕಳುಹಿಸಿದ್ದ. ‘ಸಸ್ಯತ್ಯಾಜ್ಯ’ ಎಂದಿದ್ದ ಕಡೆಯಲ್ಲೆಲ್ಲ ಅವನೇ ಹೊಡೆದುಹಾಕಿ ‘ಕರಟ’ ಎಂದು ಬರೆದಿದ್ದ. ನಾನು ತಿದ್ದಬೇಕಾದದ್ದು ಹೆಚ್ಚೇನೂ ಉಳಿದಿರಲಿಲ್ಲ. ಬರುವ ದೀಪಾವಳಿಗೆ ಬಚ್ಚಲಿನ ಹಿಂದೆ ಚೀಲ ಮತ್ತೆ ತುಂಬುತ್ತಿದೆ.